ಎದ್ದರೆ ನಿಲ್ಲುವ ಗಾಡಿ

ಅಂತರಸಂತೆಯ ನಿಂಗಯ್ಯನಷ್ಟು ಮರ್ಯಾದಸ್ಥನನ್ನು ನಾನು ಕಂಡಿಲ್ಲ. ಅಷ್ಟೊಂದು ಮರ್ಯಾದೆ ಮನುಷ್ಯನಿಗೆ ಒಳ್ಳೆಯದಲ್ಲ ಅಂತ ನನಗೆ ಆಗಲೂ ಅನ್ನಿಸುತ್ತಿತ್ತು. ದೊಡ್ಡವರು ಯಾರೇ ಎದುರಾಗಲಿ, ಕೂತಿದ್ದವನು ಎದ್ದು ಎರಡೂ ಕೈ ಜೋಡಿಸಿ ‘ನಮಸ್ಕಾರ ಬುದ್ಧಿ’ ಅನ್ನಲೇಬೇಕು. ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಏಳುತ್ತಿದ್ದ. ಅಂಥವನನ್ನು ತಂದು, ಎದ್ದರೆ ನಿಂತುಹೋಗುವ ಗಾಡಿಯ ಮೇಲೆ ಕೂರಿಸಿದರು.

ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ ಅವನು ತೋಟದ ಆಳು, ನಾನು ಅಡುಗೆಯವನು. ಎರಡು ಸಾವಿರದ ಎರಡೋ ಮೂರೋ ಇಸವಿ. ಅಲ್ಲಿಯ ಲಾನನ್ನು ಮೊದಲು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನಿಂದ ಸವರುತ್ತಿದ್ದರು. ಅವರಲ್ಲಿ ನಿಂಗಯ್ಯನ ಹೆಂಡತಿ ಸಾಕಮ್ಮನೂ ಒಬ್ಬಳು. ಆಮೇಲೆ ಮ್ಯಾನೇಜರ್ ಶಶಿಕುಮಾರ್ ಕೊಡಗಿನ ಯಾವುದೋ ಕ್ಲಬ್ಬಿನಿಂದ, ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡಿಗೆ ತರಿಸಿದರು. ಹೆಂಗಸರಿಗೆಲ್ಲ ನಾಳೆಯಿಂದ ಬರಬೇಡಿ ಅಂದರು. ಸಾಕಮ್ಮ ಕುಡುಗೋಲನ್ನು ಮನೆಯ ಸೂರಿಗೆ ಸಿಕ್ಕಿಸಿದಳು, ಗಂಡ ಗಾಡಿ ಹತ್ತಿದ. ಇನ್ನು ನಮ್ಮ ಒಲೆ ಉರಿಯೋದು ಆ ಸೀಟಿನ ಮೇಲೇ, ಅದನ್ನು ಕಳಕೊಳ್ಳಬೇಡ ಅಂತ ಅವಳು ಅವನಿಗೆ ಹೇಳಿದ್ದು ಇಡೀ ಅಡುಗೆಮನೆಗೆ ಗೊತ್ತಿತ್ತು.

ಗಾಡಿಗೊಂದು ಗುಣವಿತ್ತು. ಓಡುತ್ತಿರುವಾಗ ಮೇಲೆ ಕೂತವನು ಎದ್ದರೆ ಎಂಜಿನ್ ತಟ್ಟನೆ ಆಫ್ ಆಗುತ್ತಿತ್ತು. ಮ್ಯಾನೇಜರ್ ಲಾನಿನ ಕಡೆ ಬಂದಾಗೆಲ್ಲ ನಿಂಗಯ್ಯ ಎದ್ದು ಕೈಮುಗಿಯುವನು, ಗಾಡಿಯೂ ಬಾಯಿ ಮುಚ್ಚುವುದು. ಗಾಡಿಗೂ ಮರ್ಯಾದೆ ಕಲಿಸಿದ್ದಾನೆ ಅಂತ ನಾವು ನಗುತ್ತಿದ್ದೆವು. ಶಶಿಕುಮಾರರಿಗೆ ಅದು ಒಳಗೊಳಗೇ ಹಿತವಾಗಿತ್ತು. ಕೆಲಸ ಬಿಟ್ಟು ಏಳಬೇಡ ಅಂತ ಒಂದು ದಿನವೂ ಅಂದವರಲ್ಲ.

ಆ ವರ್ಷ ಆಯುಧಪೂಜೆಗೆ ನಿಂಗಯ್ಯ ಗಾಡಿಯನ್ನು ಎಮ್ಮೆ ಮೈತೊಳೆದ ಹಾಗೆ ತೊಳೆದ. ಪೈಪಿನಲ್ಲಿ ನೀರು ಬಿಟ್ಟು ಸಂದುಗೊಂದು ಬಿಡದೆ ಉಜ್ಜಿ, ಕೀ ಹಾಕುವ ತೂತಿನ ಸುತ್ತ ವಿಭೂತಿ ಬಳಿದು ಕುಂಕುಮ ಇಟ್ಟ. ಅದಾಗಿ ಸ್ವಲ್ಪ ದಿನಕ್ಕೆ ಗಾಡಿ ಕೈಕೊಡತೊಡಗಿತು. ಕೀ ತಿರುಗಿಸಿದರೆ ಸ್ಟಾರ್ಟ್ ಆಗುವುದು, ಬ್ರೇಕಿನಿಂದ ಕಾಲು ತೆಗೆದ ತಕ್ಷಣ ಆಫ್. ಪೂಜೆಯ ನೀರು ಸ್ವಿಚ್ಚಿಗೆ ಇಳಿದಿದೆ ಅಂತ ಎಲ್ಲರೂ ತೀರ್ಮಾನಿಸಿದರು. ನಿಂಗಯ್ಯ ಅದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡ. ದೇವರ ಕೆಲಸದಲ್ಲಿ ಏನೋ ಲೋಪವಾಗಿದೆ ಅಂತ ಮಾರಮ್ಮನ ಗುಡಿಗೆ ಹಣ್ಣುಕಾಯಿಯನ್ನೂ ಮಾಡಿಸಿ ಬಂದ.

ಅದೇ ದಿನಗಳಲ್ಲಿ ಅವನು ತಟ್ಟೆಯಲ್ಲಿ ಮುದ್ದೆ ಬಿಡತೊಡಗಿದ್ದ. ಮೊದಲು ಅರ್ಧ, ಆಮೇಲೆ ಮುಕ್ಕಾಲು. ನುಂಗೋಕೆ ಗಂಟಲು ಹಿಡೀತದೆ ಕಣಣ್ಣ ಅನ್ನುತ್ತಿದ್ದ. ನನ್ನ ಸಾರಿಗೆ ಹೆಸರಿಡುತ್ತಿದ್ದಾನೆ ಅಂದುಕೊಂಡು ನಾನು ಮುಖ ಗಂಟುಹಾಕಿಕೊಂಡಿದ್ದೆ.

ಹುಣಸೂರಿನಿಂದ ಬೆಟ್ಟಸ್ವಾಮಿ ಬಂದ. ತಂಬಾಕಿನ ಸೀಮೆಯ ಟ್ರ್ಯಾಕ್ಟರುಗಳಿಗೆಲ್ಲ ವೈರಿಂಗ್ ಮಾಡುವವನು, ಸೀಟು ತುಂಬುವ ದಪ್ಪ ಆಳು. ಬ್ಯಾಟರಿ ನೋಡಿದ, ಫ್ಯೂಸು ನೋಡಿದ. ಕೀ ಸ್ವಿಚ್ಚನ್ನು ಬಿಚ್ಚಿ ಅದರ ಹಿಂದಿನ ವೈರುಗಳ ತುದಿಯನ್ನೆಲ್ಲ ಉಪ್ಪುಕಾಗದದಲ್ಲಿ ತಿಕ್ಕಿದ. ತಾನೇ ಹತ್ತಿ ಕೂತು ಓಡಿಸಿದ, ಓಡಿತು. ಸರಿಹೋಯಿತು ಅಂತ ಟೀ ಕುಡಿದು ಹೋದ. ಮಾರನೇ ದಿನ ನಿಂಗಯ್ಯ ಕೂತ, ನಿಂತಿತು. ಬೆಟ್ಟಸ್ವಾಮಿ ಮತ್ತೆ ಬಂದು ಕೀ ಸ್ವಿಚ್ಚನ್ನೇ ಬದಲಾಯಿಸಿದ. ಅವನು ಕೂತರೆ ಓಡುವುದು, ಇವನು ಕೂತರೆ ನಿಲ್ಲುವುದು. ಇನ್ನೊಂದು ಸಲ ಕೆಟ್ಟರೆ ಗಾಡಿಯನ್ನೂ ಡ್ರೈವರನ್ನೂ ಒಟ್ಟಿಗೆ ಕಳಿಸುತ್ತೇನೆ ಅಂತ ಶಶಿಕುಮಾರ್ ರೇಗಿದರು. ನಿಂಗಯ್ಯ ಅದಕ್ಕೂ ಕೈಮುಗಿದ.

ಮೂರನೇ ಸಲ ಬೆಟ್ಟಸ್ವಾಮಿ ವೈರು ಮುಟ್ಟಲಿಲ್ಲ. ನಿಂಗಯ್ಯನನ್ನು ಕೂರಿಸಿ, ಸೀಟಿನ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಸ್ಪ್ರಿಂಗಿನ ಮೇಲೊಂದು ಗುಂಡಿ. ಕೂತವನ ಭಾರಕ್ಕೆ ಅದು ಒತ್ತಿಕೊಂಡಿದ್ದರೆ ಮಾತ್ರ ಎಂಜಿನ್ ಓಡುವುದು. ನಿಂಗಯ್ಯ ಕೂತಿದ್ದ, ಗುಂಡಿ ಒತ್ತಿಕೊಂಡಿರಲಿಲ್ಲ. ಬೆಟ್ಟಸ್ವಾಮಿ ಅಡುಗೆಮನೆಯ ಗುಂಡುಕಲ್ಲನ್ನು ಅವನ ಮಡಿಲಿಗೆ ಇಡಿಸಿದ. ಗಾಡಿ ಓಡಿತು.

ಬೆಟ್ಟಸ್ವಾಮಿ ಬೀಡಿ ಹಚ್ಚಿದ. “ವೈರಲ್ಲೇನೂ ಇಲ್ಲ ಕಣಣ್ಣ. ನೀನು ಕೂತಿದ್ದೀಯ ಅಂತ ಗಾಡಿಗೇ ಗೊತ್ತಾಯ್ತಿಲ್ಲ. ಅಷ್ಟು ಇಳ್ದೋಗಿದ್ದೀಯ. ಮೊದ್ಲು ಆಸ್ಪತ್ರೆಗೋಗಿ ತೋರ್ಸು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಲ್ಲ, ನಾವು ಇಷ್ಟು ದಿನ ಮಾಡಿದ್ದು ಅದನ್ನೇ. ದಿನಾ ಅವನನ್ನು ನೋಡುವ ನಾವು ಯಾರೂ ಕಾಣದ್ದನ್ನು ಒಂದು ಸ್ಪ್ರಿಂಗ್ ಕಂಡಿತ್ತು.

ನಿಂಗಯ್ಯ ಮಾತ್ರ ಆಸ್ಪತ್ರೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಜ ಹಾಕಿದರೆ ಸೀಟಿಗೆ ಬೇರೆಯವರು ಬಂದು ಕೂರುತ್ತಾರೆ ಅನ್ನುವುದೊಂದೇ ಅವನ ಹೆದರಿಕೆ. “ಆಸ್ಪತ್ರೆ ಆಮ್ಯಾಕೆ ನೋಡ್ಕಳದ. ಈಗ ಡೈರೆಕ್ಟ್ ಮಾಡ್ಕೊಟ್ಬುಡು” ಅಂದ.

ಡೈರೆಕ್ಟ್ ಅನ್ನುವುದು ನಮ್ಮ ಕಡೆ ಎಲ್ಲ ರೋಗಕ್ಕೂ ಮದ್ದು. ಸ್ವಿಚ್ಚು ಹೋಯಿತೆ, ಎರಡು ವೈರು ಸೇರಿಸಿ ಹೊಸೆದು ಟೇಪು ಸುತ್ತು. ಅರ್ಧ ಹುಣಸೂರಿನ ಟ್ರ್ಯಾಕ್ಟರುಗಳು ಹಾಗೇ ಓಡುತ್ತವೆ. ಬೆಟ್ಟಸ್ವಾಮಿ ಬಹಳ ಹೊತ್ತು ಬೇಡ ಅಂದ. ನಿಂಗಯ್ಯ ಅವನ ಕಾಲಿಗೆ ಬೀಳಲು ಹೋದ ಮೇಲೆ, ಸೀಟಿನ ಕೆಳಗಿನ ಎರಡು ವೈರುಗಳನ್ನು ಹೊಸೆದು ಕೊಟ್ಟ. ಹೊರಡುವಾಗ ಅವನ ಭುಜ ಹಿಡಿದು, “ಇನ್ಮ್ಯಾಲೆ ನೀನು ಎದ್ರೆ ಇದು ನಿಲ್ಲಕ್ಕಿಲ್ಲ ಕಣಣ್ಣ. ಯಾರೇ ಬರ್ಲಿ, ಏಳ್ಬ್ಯಾಡ” ಅಂದ. ನಿಂಗಯ್ಯ ಆಗಲಿ ಅಂದ.

ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದನ್ನು ನಾವೆಲ್ಲ ಮರೆತಿದ್ದೆವು. ಒಂದು ಬೆಳಿಗ್ಗೆ ಶಶಿಕುಮಾರ್ ಯಾರೋ ಅತಿಥಿಗಳನ್ನು ಕರೆದುಕೊಂಡು ಲಾನಿಗೆ ಇಳಿದರು. ನಾನು ಅಡುಗೆಮನೆಯ ಕಿಟಕಿಯ ಬಳಿ ತರಕಾರಿ ಹೆಚ್ಚುತ್ತಿದ್ದೆ. ಓಡುತ್ತಿದ್ದ ಗಾಡಿಯ ಮೇಲೆ ನಿಂಗಯ್ಯ ಎದ್ದು ನಿಂತ. ಎರಡೂ ಕೈ ಜೋಡಿಸಿದ. ಗಾಡಿ ನಿಲ್ಲಲಿಲ್ಲ, ಅವನ ಕಾಲಡಿಯಿಂದ ಜಾರಿ ಮುಂದಕ್ಕೆ ಹೋಯಿತು. ಅವನು ಹಿಂದಕ್ಕೆ ಹುಲ್ಲಿನ ಮೇಲೆ ಬಿದ್ದ. ಗಾಡಿ ಇಳಿಜಾರಿನಲ್ಲಿ ಓಡಿ ಹಿನ್ನೀರಿಗೆ ಬಿದ್ದು ಗೊರಗೊರ ಅಂದು ಸುಮ್ಮನಾಯಿತು. ಓಡಿಹೋಗಿ ನಾನೊಬ್ಬನೇ ಅವನನ್ನು ಎತ್ತಿಕೊಂಡೆ. ಬೆಳೆದ ಗಂಡಸನ್ನು ಎತ್ತಿದ ಹಾಗೇ ಇರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಅದನ್ನು ನೋಡಲು ಹೋಗಿ ಅನ್ನನಾಳದ ಗಡ್ಡೆಯನ್ನು ಕಂಡರು. ಕೈಮೀರಿದೆ, ಮನೆಗೆ ಕರಕೊಂಡು ಹೋಗಿ ಅಂದರು.

ಶಶಿಕುಮಾರ್ ಒಮ್ಮೆ ನೋಡಲು ಬಂದರು. ಬರೀ ನೋಡಲಿಕ್ಕಲ್ಲ. ಲಾನು ಮೊಣಕಾಲೆತ್ತರ ಬೆಳೆದಿತ್ತು, ಹೊಸ ಗಾಡಿ ಬರುವವರೆಗೆ ಸಾಕಮ್ಮ ಕುಡುಗೋಲು ತೆಗೆದುಕೊಂಡು ಬರಬೇಕಿತ್ತು. ಅವರು ಬಾಗಿಲಲ್ಲಿ ಕಂಡ ಕೂಡಲೇ ಚಾಪೆಯ ಮೇಲಿದ್ದ ನಿಂಗಯ್ಯ ಕೈಯೂರಿ ಏಳಲು ಹೆಣಗಾಡಿದ. ತಲೆ ಅಷ್ಟೇ ಎದ್ದಿತು. ಶಶಿಕುಮಾರ್ ಗಾಬರಿಯಾಗಿ, “ಏಳಬೇಡಿ ನಿಂಗಯ್ಯ, ಏಳಬೇಡಿ” ಅಂದರು.

ಸಾಕಮ್ಮ ಅವರನ್ನೇ ದಿಟ್ಟಿಸಿ ನೋಡಿದಳು. “ಆ ಮಾತ ಮೊದ್ಲೇ ಅಂದಿದ್ರೆ ಆಗಿತ್ತು ಬುದ್ಧಿ” ಅಂದು, ಸೂರಿನಿಂದ ಕುಡುಗೋಲು ತೆಗೆಯಲು ಎದ್ದಳು.