ಹೆಪ್ಪುಗಟ್ಟದ ಎಣ್ಣೆ

ಹಿರಿಯೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಯಾರಾದರೂ ರೇಷ್ಮೆ ಎಂದು ಬಟ್ಟೆ ತಂದುಕೊಟ್ಟರೆ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ವಾಸನೆ ನೋಡಿದ ಮೇಲೆಯೇ ನಾನು ಕತ್ತರಿ ಹಿಡಿಯುವುದು. ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಇಂಥ ನನ್ನ ಮುಂದೆ ಒಬ್ಬಳು ಹುಡುಗಿ ಕುಳಿತು, ಎಣ್ಣೆ ಅರಗದ ಗಂಡನಿಗೆ ಎಣ್ಣೆಯನ್ನೇ ಕೊಡಿ ಎಂದರೆ ನಾನು ಹೇಗೆ ನಂಬಲಿ?

ನನ್ನ ಗಂಡ ಖಾಸಗಿ ಬಸ್ಸಿನ ಕಂಡಕ್ಟರ್. ಹೊಸದುರ್ಗದ ಮೇಲೆ ಹೊಳಲ್ಕೆರೆಗೆ ಹೋಗಿ ಬರುವ ಬಸ್ಸು. ಹೋದ ವರ್ಷ ಅವರಿಗೆ ಅರಗಿಸುವ ರಸ ಕೊಡುವ ಮೇದೋಜ್ಜೀರಕ ಗ್ರಂಥಿ ಊದಿಕೊಂಡು, ಆಸ್ಪತ್ರೆ ಸೇರಿ, ಅಂತೂ ಬದುಕಿ ಮನೆಗೆ ಬಂದರು. ಬಂದ ಮೇಲೆ ತಿಂದದ್ದು ಮೈಗೆ ಹತ್ತಲಿಲ್ಲ. ಒಗ್ಗರಣೆ ಹಾಕಿದ ಸಾರು ಉಂಡರೂ ಹೊಟ್ಟೆ ಕೆಡುತ್ತಿತ್ತು. ಪಾಯಿಖಾನೆಯಲ್ಲಿ ಎಷ್ಟು ನೀರು ಸುರಿದರೂ ಜಿಡ್ಡು ತೇಲುತ್ತಿತ್ತು. ಖಾಕಿ ಅಂಗಿಯನ್ನು ನಾನೇ ಪಕ್ಕೆಯಲ್ಲಿ ಹಿಡಿದು ಹೊಲಿದೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹಿಡಿಯಬೇಕಾಯಿತು.

ಚಿತ್ರದುರ್ಗದ ಡಾಕ್ಟರು ಊಟದ ಜೊತೆ ನುಂಗಲು ಮಾತ್ರೆ ಕೊಟ್ಟರು. ಅದರಿಂದ ಅರ್ಧ ಗುಣ ಕಂಡಿತು. ಉಳಿದರ್ಧಕ್ಕೆ ಪಕ್ಕದ ಕೋಣೆಯ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ತೆಳ್ಳಗಿನ ಹುಡುಗಿ, ನನ್ನ ಮಗಳ ವಯಸ್ಸು ಇರಬಹುದು.

"ಕುಂತ್ಕಳ್ರಿ ಅಮ್ಮ," ಎಂದು ಶುರು ಮಾಡಿದಳು. "ಕರಿದದ್ದು ಪೂರ್ತಿ ನಿಲ್ಸಿ. ಶೇಂಗಾ ಎಣ್ಣೆ ಕಮ್ಮಿ ಮಾಡಿ. ಬದಲಿಗೆ ಈ ಎಂಸಿಟಿ ಎಣ್ಣೆ ಒಂದೊಂದು ಚಮಚ ಅನ್ನದ ಮೇಲೆ ಹಾಕ್ರಿ. ಕಾಯಿಸ್ಬಾರ್ದು."

"ಎಣ್ಣೆ ಅರಗಲ್ಲ ಅಂತ ನೀವೇ ಅಂತೀರಿ, ಮತ್ತೆ ಎಣ್ಣೇನೇ ಕೊಡ್ತೀರಲ್ಲ?"

"ಇದು ಬೇರೆ ತರ ಕೊಬ್ಬು. ಉದ್ದ ದಾರ ಗಂಟಾಗ್ತೈತೆ, ಬಿಡಿಸಿ ಕತ್ತರಿಸ್ಬೇಕು. ತುಂಡು ದಾರಕ್ಕೆ ಆ ಕಷ್ಟ ಇಲ್ಲ. ಈ ಎಣ್ಣೇಲಿ ಇರೋದೆಲ್ಲ ತುಂಡು. ಅಷ್ಟೊಂದು ಕತ್ತರಿಸೋ ಕೆಲಸ ಇಲ್ದೆ ಸೀದಾ ಒಳಗೆ ಹೋಗ್ತೈತೆ."

ನಾನು ದರ್ಜಿ ಎಂದು ಆಗಷ್ಟೇ ಹೇಳಿದ್ದೆ. ಅದನ್ನು ಕೇಳಿಕೊಂಡೇ ದಾರದ ಮಾತು ತೆಗೆದಳು ಎನ್ನಿಸಿತು. ಮಾರುವವರು ಹೀಗೆಯೇ ಮಾತಾಡುತ್ತಾರೆ. ಆಸ್ಪತ್ರೆಯ ಕೆಳಗಿನ ಔಷಧಿ ಅಂಗಡಿಯವನು ನಾನು ಕೇಳುವ ಮೊದಲೇ ಆ ಬಾಟಲಿಯನ್ನು ಮೇಜಿನ ಮೇಲಿಟ್ಟಾಗ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಮನೆಗೆ ಬಂದು ಬಾಟಲಿಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದೆ. ತೆಂಗಿನಕಾಯಿಯಿಂದ ತೆಗೆದದ್ದು ಎಂದಿತ್ತು. ಹೊಸದುರ್ಗದ ಹತ್ತಿರ ಇರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮನೆಯಲ್ಲಿ ತೆಂಗಿನ ತೋಟವಿದೆ.

"ಅಯ್ಯೋ, ಕೊಬ್ಬರಿ ಎಣ್ಣೇನ ಬಾಟ್ಲಿಗೆ ಹಾಕಿ ಇಂಗ್ಲಿಷ್ ಹೆಸರಿಟ್ಟವ್ರೆ ಕಣೇ," ಎಂದಳು. "ನಮ್ಮ ಗಾಣದ್ದೇ ಕಳಿಸ್ತೀನಿ, ಅದನ್ನೇ ಹಾಕು."

ನಮ್ಮ ಕಡೆ ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ಅಡುಗೆಗೆ ಶೇಂಗಾ ಎಣ್ಣೆಯೇ. ಆದರೂ ಅಕ್ಕನ ಮಾತು ನಂಬುವಂತಿತ್ತು. ಮರ, ಕಾಯಿ, ಗಾಣ ಎಲ್ಲವೂ ಕಣ್ಣಿಗೆ ಕಾಣುವಂಥವು. ಅವಳ ಡಬ್ಬಿ ಬಂದ ಮೇಲೆ ಆಸ್ಪತ್ರೆಯ ಬಾಟಲಿಯನ್ನು ಕಪಾಟಿನ ಮೇಲಿಟ್ಟು, ಗಂಡನ ಅನ್ನಕ್ಕೆ ಡಬ್ಬಿಯ ಎಣ್ಣೆ ಹಾಕತೊಡಗಿದೆ. ಮೂಗು ಮುಚ್ಚಿಕೊಂಡು ಉಂಡರು. ಹೊಟ್ಟೆ ಸರಿಹೋಗಲಿಲ್ಲ.

ಅಷ್ಟರಲ್ಲಿ ಚಳಿಗಾಲ ಬಂತು. ಒಂದು ಬೆಳಗ್ಗೆ ಅಕ್ಕನ ಡಬ್ಬಿಯೊಳಗೆ ಚಮಚ ಇಳಿಯಲಿಲ್ಲ. ಎಣ್ಣೆ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಕಪಾಟಿನ ಮೇಲಿನ ಬಾಟಲಿ ಅಲ್ಲಾಡಿಸಿದರೆ ಅದು ನೀರಿನಂತೆ ಕುಲುಕುತ್ತಿತ್ತು. ಎರಡೂ ಕೊಬ್ಬರಿಯದೇ ಆದರೆ ಇದೊಂದು ಯಾಕೆ ಹೆಪ್ಪುಗಟ್ಟಲಿಲ್ಲ? ಮೂಸಿದೆ, ವಾಸನೆ ಇಲ್ಲ. ಬೆರಳಿಗೆ ಹಚ್ಚಿ ತಿಕ್ಕಿದೆ, ಬಣ್ಣವಿಲ್ಲ. ನನ್ನ ಮಿಷನ್ನಿಗೆ ಬಿಡುವ ಎಣ್ಣೆಯ ಹಾಗೇ ಇತ್ತು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದಿಡೀ ದಿನ ಇಟ್ಟು ನೋಡಿದೆ. ಆಗಲೂ ಹಾಗೇ ಕುಲುಕಿತು.

ಡಬ್ಬಿ, ಬಾಟಲಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಜಗಳಕ್ಕೆ ಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಆ ಹುಡುಗಿಯ ಮೇಜಿನ ಮೇಲೆ ಎರಡನ್ನೂ ಇಟ್ಟು ಕೇಳಿದೆ:

"ಇದು ಯಾಕೆ ಗಟ್ಟಿ ಆಗಲ್ಲ? ಏನು ಬೆರೆಸವ್ರೆ ಇದಕ್ಕೆ?"

ಅವಳು ಸಿಟ್ಟಾಗಲಿಲ್ಲ. "ಬೆರೆಸಿಲ್ಲ ಅಮ್ಮ, ತೆಗೆದವ್ರೆ. ಕೊಬ್ಬರಿ ಎಣ್ಣೇಲಿ ಎಲ್ಲಾ ಅಳತೆ ದಾರಾನೂ ಐತೆ. ಚಳಿಗೆ ಗಟ್ಟಿ ಆಗೋದು ಉದ್ದನೇವು. ಅವನ್ನ ಬೇರ್ಪಡಿಸಿ ತುಂಡುಗಳನ್ನಷ್ಟೇ ಇಲ್ಲಿ ಉಳಿಸಿರ್ತಾರೆ. ಹೆಪ್ಪುಗಟ್ಟಿದ್ರೇನೇ ನೀವು ಅನುಮಾನ ಪಡ್ಬೇಕಿತ್ತು."

"ಹಂಗಾರೆ ನಾನೂ ತಿನ್ಲಾ? ಮೈಗೆ ಒಳ್ಳೇದಾ?"

"ನಿಮಗ್ಯಾಕೆ? ನಿಮ್ಮ ಹೊಟ್ಟೆ ಎಲ್ಲಾನೂ ಅರಗಿಸ್ತೈತೆ. ದಿನದ ಎಣ್ಣೆ ಜೊತೆಗೆ ಇದನ್ನೂ ಸೇರಿಸಿದ್ರೆ ಮೈ ಬರ್ತೈತೆ, ಅಷ್ಟೇ. ಇದು ಅವರಿಗೆ."

ಮಾರುವವರು ಬೇಡ ಎನ್ನುವುದಿಲ್ಲ. ಡಬ್ಬಿ, ಬಾಟಲಿ ಎರಡನ್ನೂ ಮತ್ತೆ ಚೀಲಕ್ಕೆ ಹಾಕಿಕೊಂಡೆ. ಚಿಕ್ಕ ಚಮಚದಲ್ಲಿ ಶುರು ಮಾಡಿ, ಒಂದೇ ಸಲ ಹೆಚ್ಚು ಹಾಕಿದರೆ ಹೊಟ್ಟೆ ನುಲಿಯುತ್ತದೆ, ಮಾತ್ರೆ ಮಾತ್ರ ಬಿಡಬಾರದು ಎಂದು ಹೇಳಿ ಕಳಿಸಿದಳು.

ಹಾಗೆಯೇ ಮಾಡಿದೆ. ಮೊದಲ ವಾರಗಳಲ್ಲಿ ಹೊಟ್ಟೆ ಸರಿಹೋಯಿತು. ರಜೆ ಹಾಕಿದ್ದ ಗಂಡ ಮತ್ತೆ ಡ್ಯೂಟಿಗೆ ಹೋಗತೊಡಗಿದರು. ಆಮೇಲೆ ಯಾಕೋ ಮೊದಲಿನ ಹಾಗೇ ಆಯಿತು. ಅದೇ ಜಿಡ್ಡು, ಅದೇ ಸುಸ್ತು. ನಾನು ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈಯುತ್ತಾ, ಬಾಟಲಿಯನ್ನು ಬಚ್ಚಲಿಗೆ ಸುರಿದುಬಿಡೋಣ ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಖಾಕಿ ಅಂಗಿಗಳನ್ನು ಒಗೆಯಲು ನೆನೆಸುವಾಗ, ಒಂದರ ಜೇಬಿನ ತಳದಲ್ಲಿ ಅಂಗೈಯಗಲದ ಕಲೆ ಕಂಡಿತು. ಬೆಳಕಿಗೆ ಹಿಡಿದರೆ ಬಟ್ಟೆಯ ಆಚೆ ಬದಿಯೂ ಮಬ್ಬಾಗಿ ಕಾಣುತ್ತಿತ್ತು. ಮೂಸಿದೆ. ಓಂಕಾಳು, ಕಡಲೆಹಿಟ್ಟು, ಹಳೆಯ ಎಣ್ಣೆ. ಇನ್ನೊಂದು ಅಂಗಿಯ ಜೇಬಿನಲ್ಲೂ ಅದೇ ಕಲೆ.

ಎರಡೂ ಅಂಗಿ ಹಿಡಿದುಕೊಂಡು ಅವರ ಮುಂದೆ ನಿಂತೆ.

"ಜೇಬಲ್ಲಿ ಟಿಕೆಟ್ಟಿಗೂ ಎಣ್ಣೆ ಹಚ್ತೀರಾ ನಿಮ್ಮ ಬಸ್ಸಲ್ಲಿ?"

ಅವರು ಪೇಪರಿನಿಂದ ತಲೆ ಎತ್ತಿದರು, ಅಂಗಿ ನೋಡಿದರು, ಮತ್ತೆ ಪೇಪರಿಗೆ ತಲೆ ಹಾಕಿದರು.

"ಹೊಳಲ್ಕೆರೆ ಸ್ಟ್ಯಾಂಡಲ್ಲಿ ಡ್ರೈವರ್ ತಿಂತಾನೆ. ನನಗೂ ಒಂದೆರಡು ಕೊಡ್ತಾನೆ. ಮಿಕ್ಕಿದ್ದು ಜೇಬಿಗೆ."

"ಮೆಣಸಿನಕಾಯಿ ಬಜ್ಜಿನಾ?"

"ಮಂಡಕ್ಕಿ ಜೊತೆ," ಎಂದು ಮೆಲ್ಲಗೆ ಹೇಳಿದರು. ಪೇಪರನ್ನು ಮಡಚಿಟ್ಟು, "ನಾಲಗೆ ಸತ್ತೋಗಿತ್ತು ಕಣೇ. ನೀನು ಹಾಕೋ ಎಣ್ಣೇಲಿ ವಾಸನೇನೂ ಇಲ್ಲ, ರುಚಿನೂ ಇಲ್ಲ. ಕಾಯಿಲೆಯವನು ಕಾಯಿಲೆಯವನು ಅಂತ ಎಲ್ರೂ ಅಂತಾರೆ. ಅಲ್ಲಿ ನಿಂತು ತಿಂದ್ರೆ ಮೊದಲಿನವನ ಹಂಗೇ ಅನ್ನಿಸ್ತೈತೆ," ಎಂದರು.

ಅಂಗಿಗಳನ್ನು ತಂದು ಬಕೆಟ್ಟಿನ ನೀರಿಗೆ ಅದ್ದಿದೆ. ಇಷ್ಟು ತಿಂಗಳು ಹುಡುಗಿಯನ್ನು, ಅಂಗಡಿಯವನನ್ನು, ಬಾಟಲಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೆ. ಎದುರಿಗೇ ಕುಳಿತು ಉಣ್ಣುವವರ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಮಾರನೇ ದಿನ ಸಂಜೆ ಮಂಡಕ್ಕಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಹಸಿಮೆಣಸು, ಕೊತ್ತಂಬರಿ ಹಾಕಿದೆ. ಎಣ್ಣೆ ಸವರದ ಹೆಂಚಿನ ಮೇಲೆ ಸುಟ್ಟ ಮೆಣಸಿನಕಾಯಿಗೆ ಓಂಕಾಳು, ಉಪ್ಪು, ನಿಂಬೆಹುಳಿ ಸವರಿದೆ. ಮೇಲಿಂದ ಬಾಟಲಿಯ ಎಣ್ಣೆ ಒಂದು ಚಮಚ ಚಿಮುಕಿಸಿದೆ. ಅವರು ತಟ್ಟೆಯನ್ನು ಅತ್ತಿತ್ತ ತಿರುಗಿಸಿ, ಒಂದು ಕಾಳು ಮಂಡಕ್ಕಿ ಎತ್ತಿ ಮೂಸಿದರು.

"ಏನು ಹಾಕಿದೀಯ ಇದಕ್ಕೆ?"

"ತಿಂದು ನೋಡ್ರಿ."

ಮೆಣಸಿನಕಾಯಿಯ ತುದಿ ಕಚ್ಚಿದರು. ಬಜ್ಜಿಯಂತೂ ಅಲ್ಲ ಎಂದರು. ಆದರೆ ತಟ್ಟೆ ಖಾಲಿಯಾಯಿತು.

ಆಮೇಲೆ ಜೇಬು ಶುಭ್ರವಾಗಿಯೇ ಬರತೊಡಗಿತು, ಹೊಟ್ಟೆ ಕೆಡುವುದೂ ನಿಂತಿತು. ಯುಗಾದಿ ಹೊತ್ತಿಗೆ ಕೆನ್ನೆಯ ಗುಳಿ ತುಂಬಿತು. ಇದರಲ್ಲಿ ಮಾತ್ರೆಯ ಪಾಲೆಷ್ಟು, ಎಣ್ಣೆಯ ಪಾಲೆಷ್ಟು, ಬಜ್ಜಿ ಬಿಟ್ಟದ್ದರ ಪಾಲೆಷ್ಟು, ನನಗೆ ಗೊತ್ತಿಲ್ಲ. ಆ ಹುಡುಗಿಯನ್ನು ಕೇಳಿದರೆ ಅವಳೂ ಬಿಡಿಸಿ ಹೇಳಲಿಲ್ಲ. ಮೂರೂ ಬೇಕು ಎಂದಳು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಮೊಬೈಲಿನಲ್ಲಿ ಯಾರೋ ಹೇಳಿದರಂತೆ, ತೆಳ್ಳಗಾಗಲು ಬೆಳಗಿನ ಕಾಫಿಗೆ ಕೊಬ್ಬರಿ ಎಣ್ಣೆ ಹಾಕಿ ಕುಡಿಯುತ್ತಿದ್ದಾಳೆ.

"ತೆಳ್ಳಗಾದ್ಯಾ?" ಎಂದೆ.

"ಇನ್ನೂ ಇಲ್ಲ."

"ಯಾರು ಹೇಳಿದ್ದು ನೋಡು. ಅವರೇನಾದ್ರೂ ಎಣ್ಣೆ ಮಾರ್ತಾರಾ ಕೇಳು."

ಅವಳು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟಳು.