ರುಕ್ಮಣಿಯ ಕೈತುತ್ತು

ಕೊಯಮತ್ತೂರು ಬಳಿಯ ನೆಗಮಂನ ನೇಕಾರರ ಬೀದಿಯಲ್ಲಿ ಲೋಗನಾಥನ್‌ಗೆ 'ಹೊಸ ಮದುಮಗ' ಎಂದೇ ಹೆಸರು. ವಯಸ್ಸು ಐವತ್ನಾಲ್ಕು, ತಲೆ ಅರ್ಧ ಬೋಳು, ಒಬ್ಬಳೇ ಮಗಳು ಕೃತ್ತಿಕಾಳನ್ನು ಪಲ್ಲಡಕ್ಕೆ ಕೊಟ್ಟು ಮೂರು ವರ್ಷವಾಗಿತ್ತು. ಆದರೂ ದಿನಾ ಸಂಜೆ ನಾಲ್ಕಕ್ಕೆ ಹೆಂಡತಿ ರುಕ್ಮಣಿ ಬಾಯಿಗೆ ತುತ್ತಿಟ್ಟರೇ ತಿನ್ನುವವನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ, ಹೇಳಿ.

ಇದರಲ್ಲಿ ಸರಸವೇನೂ ಇರಲಿಲ್ಲ. ಇದ್ದರೂ ಚೂರೇ ಚೂರು. ಅವನು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಆ ಬದಿಯ ಅಂಚಿಗೆ ಲಾಳಿ ಎಸೆಯುತ್ತಿದ್ದಳು. ಬಣ್ಣ ಬೇರೆಯಾದ ಅಂಚಿನ ಸೀರೆಗೆ ಇಬ್ಬರು ಬೇಕೇ ಬೇಕು. ಎಣ್ಣೆಗೈ ತಾಗಿದರೆ ನೂಲು ಕೆಟ್ಟಿತು. ಇಬ್ಬರೂ ಎದ್ದು ಕೈ ತೊಳೆದು ಒರೆಸಿ ಆರಿಸಿ ಬರುವಷ್ಟರಲ್ಲಿ ಒಂದು ಗೇಣು ನೇಯ್ಗೆ ಹೋಯಿತು. ಹಾಗಾಗಿ ಒಬ್ಬರ ಕೈ ಮಾತ್ರ ಎಂಜಲಾಗಲಿ ಎಂದು ಆ ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು.

ನಾಲ್ಕು ಗಂಟೆಯ ತಿಂಡಿ ಎಂದರೆ ಮರಗೆಣಸು, ಅವರ ಬಾಯಲ್ಲಿ ಕುಚ್ಚಿಕಿಳಂಗು. ಮೇಲಿನ ಕಂದು ತೊಗಟೆಯನ್ನೂ ಒಳಗಿನ ಗುಲಾಬಿ ಸಿಪ್ಪೆಯನ್ನೂ ಸುಲಿದು, ಅರಿಸಿನ ಉಪ್ಪು ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚದೆ ರುಕ್ಮಣಿ ಅದನ್ನು ಬೇಯಿಸುವಳು. ಬೆಂದ ನೀರನ್ನು ಚೆಲ್ಲಿಬಿಡಬೇಕು, ನಡುವಿನ ನಾರನ್ನು ಎಳೆದು ಹಾಕಬೇಕು. ಆಮೇಲೆ ಒಂದು ಹಿಡಿ ಬೆಳ್ಳುಳ್ಳಿ, ಹಸಿಮೆಣಸು, ಕಲ್ಲುಪ್ಪು ಜಜ್ಜಿ, ಮೇಲೆ ಕಾದ ಕಡಲೆಕಾಯಿ ಎಣ್ಣೆ ಸುರಿದು, ಚುರ್ ಎಂದದ್ದು ತಣ್ಣಗಾದ ಮೇಲೆ ಎರಡು ನಿಂಬೆಹಣ್ಣು ಹಿಂಡುವಳು. ಬಿಸಿಯಲ್ಲಿ ಹಿಂಡಿದರೆ ಕಹಿ. ಇದನ್ನು ಗೆಣಸಿನ ಮೇಲೆ ಸುರಿದ ಹೊತ್ತಿಗೆ ಮೂರನೇ ಮನೆಯವರಿಗೂ ಗಂಟೆ ನಾಲ್ಕಾಯಿತೆಂದು ಗೊತ್ತಾಗುತ್ತಿತ್ತು.

ತಿನ್ನುವವನೇನು ಸುಮ್ಮನೆ ತಿನ್ನುತ್ತಿದ್ದನೇ? ಖಾರ ಎಂದು ಕಣ್ಣು ಮೇಲೆ ಮಾಡುವನು, ಹುಳಿ ಎಂದು ಬಾಯಿ ಸೊಟ್ಟ ಮಾಡುವನು, ನಾಲಿಗೆ ಸುಟ್ಟವನ ಹಾಗೆ ತೊದಲುವನು. ಅವಳು ನಗುವವರೆಗೂ ಬಿಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ನಕ್ಕಿದ್ದಳು.

ಕಳೆದ ಮಾಘದಲ್ಲಿ ಒಂದು ಮಂಗಳವಾರ. ಮಗ್ಗದ ಮೇಲೆ ಗಂಧದ ಬಣ್ಣದ ಮದುವೆ ಸೀರೆ, ಮುಗಿಯಲು ಇನ್ನೊಂದೇ ಮೊಳ. ನೂಲು ಕೊಟ್ಟು ನೇಯಿಸುವ ಜಯರಾಮನ್ ಬೆಳಗಾದರೆ ಬರುವವರಿದ್ದರು. ಮೂರನೇ ತುತ್ತಿಗೆ ಲೋಗನಾಥನ್ ಬಾಯಿ ಸೊಟ್ಟಗಾಯಿತು, ಏನೋ ತೊದಲಿದ.

"ಏನ್ರೀ, ದಿನಾ ಇದೇ ಕೋಮಾಳಿ ವೇಷ, ಕೋಡಂಗಿ ಥರ! ಸೀಕ್ರಂ, ಬೇಗ ನುಂಗ್ರಿ" ಎಂದು ಅವಳು ನಕ್ಕಳು.

ಅವನು ನುಂಗಲಿಲ್ಲ. ಬಾಯ ಮೂಲೆಯಿಂದ ಎಣ್ಣೆ, ಅರಿಸಿನ, ಗೆಣಸು ಎಲ್ಲ ಸೇರಿ ಸೀರೆಯ ಮೇಲೆ ಬಿತ್ತು.

"ಅಯ್ಯೋ, ಸೀರೆ ಕೆಡಿಸಿಬಿಟ್ರಲ್ಲಾ! ಬುದ್ಧಿ ಬೇಡ್ವಾ ನಿಮಗೆ?"

ಓಡಿಹೋಗಿ ಕೈ ತೊಳೆದು, ಪೌಡರ್ ಡಬ್ಬಿ ತಂದಳು, ಒದ್ದೆ ಬಟ್ಟೆ ತಂದಳು. ಪೌಡರ್ ಉದುರಿಸಿ, ಎಣ್ಣೆ ಹೀರಲು ಬಿಟ್ಟು, ಒರೆಸಿ, ಮತ್ತೆ ಉದುರಿಸಿದಳು. ಬೈಯುತ್ತಲೇ ಇದ್ದಳು. ಗಂಡನ ಎದೆಯಿಂದ ಒಂದು ಗೇಣು ದೂರದಲ್ಲಿ ತಲೆ ಬಗ್ಗಿಸಿಕೊಂಡು ಅರ್ಧ ಗಂಟೆ ಆ ಕಲೆಯನ್ನೇ ನೋಡಿದಳು. ಇವನು ಯಾಕೆ ಎದುರಾಡುತ್ತಿಲ್ಲ ಎಂದು ತಲೆ ಎತ್ತಿದಾಗ ಅವನು ಗೋಡೆಗೆ ಒರಗಿದ್ದ. ಬಲಗೈ ಗುಂಡಿಯೊಳಗೆ ಜೋತುಬಿದ್ದಿತ್ತು.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ, ಲಕ್ವ ಯಾವಾಗ ಶುರುವಾಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಅಷ್ಟು ಗೊತ್ತಿದ್ದ ಸಂಗತಿ ಅವಳ ಜನ್ಮದಲ್ಲಿ ಇನ್ನೊಂದಿರಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು, ಆದರೂ ಹೀಗೇ ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಆ ಮಾತಿನ ಮೊದಲರ್ಧ ಮಾತ್ರ ಅವಳ ಕಿವಿಗೆ ಬಿತ್ತು. ಮಗಳಿಗೂ ಹೇಳಲಿಲ್ಲ.

ಪಕ್ಕದ ಮನೆಯ ಗಂಡ ಹೆಂಡತಿ ಬಂದು ಉಳಿದ ಮೊಳವನ್ನು ನೇಯ್ದುಕೊಟ್ಟರು. ಜಯರಾಮನ್ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅರಿಸಿನದ ಕಲೆ ಹೋಗಿರಲಿಲ್ಲ. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಮಡಚಿ ಮಗ್ಗದ ಮೇಲೇ ಇಟ್ಟು ಹೋದರು.

ಲೋಗನಾಥನ್ ಮನೆಗೆ ಬಂದ. ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ಒಂದೆರಡು ಉಳಿದಿತ್ತು. ನೋಡಿಕೊಳ್ಳಲು ಬಂದಿದ್ದ ಮಗಳ ಕೈಯಿಂದ ಗಂಜಿ ಕುಡಿಯುತ್ತಿದ್ದ. ರುಕ್ಮಣಿ ಚಮಚ ಹಿಡಿದರೆ ತುಟಿ ಬಿಗಿದು ಗೋಡೆಗೆ ತಿರುಗುತ್ತಿದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ಐದು ವಾರ. ಅವನಿಗೆ ಎಲ್ಲ ಗೊತ್ತು ಎಂದುಕೊಂಡಳು. ಕಣ್ಣೆದುರು ಗಂಡ ಮುಳುಗುತ್ತಿದ್ದಾಗ ಬಟ್ಟೆ ಉಜ್ಜುತ್ತ ಕೂತವಳ ಕೈಯಿಂದ ಯಾರು ತಾನೇ ತಿಂದಾರು? ಅವನದೇನೂ ತಪ್ಪಿಲ್ಲ ಎನ್ನಿಸಿ ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಶುಕ್ರವಾರ ಕೃತ್ತಿಕಾ ಪಲ್ಲಡಕ್ಕೆ ಹೊರಟುನಿಂತಳು. ಅವಳಿಗೂ ಅತ್ತೆ ಮನೆ ಇದೆ, ಎಷ್ಟು ದಿನ ಇದ್ದಾಳು.

"ಅಮ್ಮಾ, ಇನ್ಮೇಲೆ ನೀನೇ ಊಟ ಮಾಡಿಸ್ಬೇಕು. ಅಪ್ಪಾ ತಿಂತಾರೆ, ಭಯಪಡ್ಬೇಡ."

ಮರುದಿನ ಅವನು ಬೆಳಿಗ್ಗೆಯೂ ತಿನ್ನಲಿಲ್ಲ, ಮಧ್ಯಾಹ್ನವೂ ತಿನ್ನಲಿಲ್ಲ. ಮೂರೂವರೆಗೆ ರುಕ್ಮಣಿ ಮರಗೆಣಸು ಸುಲಿದಳು. ಆ ದಿನದಿಂದ ಮುಟ್ಟಿರಲಿಲ್ಲ. ಮೆತ್ತಗೆ ಬೇಯಿಸಿ ಹಿಟ್ಟಿನಂತೆ ನುರಿದಳು. ಮೆಣಸು ಹಾಕದೆ ಬೆಳ್ಳುಳ್ಳಿಯನ್ನು ನುಣ್ಣಗೆ ಅರೆದು, ನಿಂಬೆಹುಳಿ ಬೆರೆಸಿ, ಚಮಚ ಬಿಟ್ಟು ಕೈಯಲ್ಲೇ ತುತ್ತು ಮಾಡಿದಳು. ವಾಸನೆಗೆ ಅವನ ಮೂಗು ಅರಳಿದ್ದು ಕಂಡಿತು. ಆದರೂ ಮುಖ ತಿರುಗಿಸಿದ.

ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಬೈಯಿರಿ ನನ್ನ, ಹೊಡೀರಿ, ಆದ್ರೆ ತಿನ್ನದೆ ಸಾಯಬೇಡ್ರಿ. ನಾನು ಸೀರೆ ನೋಡ್ದೆ, ನಿಮ್ಮನ್ನ ನೋಡ್ಲಿಲ್ಲ. ಅರ್ಧ ಗಂಟೆ. ಯಾರಿಗೂ ಹೇಳಿಲ್ಲ. ನಾನೇ ನಿಮ್ಮನ್ನ ಈ ಗತಿಗೆ ತಂದೆ."

ಅವನು ನಿಧಾನವಾಗಿ ತಿರುಗಿದ. ಅವಳು ಹೇಳಿದ್ದು ಅವನಿಗೆ ಅರ್ಥವೇ ಆಗಿರಲಿಲ್ಲವೋ, ಆಗಿಯೂ ಬೇಕಾಗಿರಲಿಲ್ಲವೋ. ಎಡಗೈಯಿಂದ ತನ್ನ ಎದೆ ಮುಟ್ಟಿಕೊಂಡ.

"ನಾನ್... ಕೆಡಿಸ್ದೆ," ಎಂದ. ಉಸಿರು ಎಳೆದುಕೊಂಡು ಮತ್ತೆ, "ಕಲೆ... ಹೋಯ್ತಾ?"

ಐದು ವಾರ ಅವನು ಗೋಡೆ ನೋಡಿದ್ದು ಕೋಪದಿಂದಲ್ಲ, ನಾಚಿಕೆಯಿಂದ. ಮದುವೆ ಮನೆಯ ಸೀರೆ ತನ್ನ ಬಾಯಿಂದ ಕೆಟ್ಟಿತೆಂದು ಹೆಂಡತಿಗೆ ಮುಖ ತೋರಿಸಲಾಗದೆ ಮಲಗಿದ್ದ. ಬುದ್ಧಿ ಬೇಡ್ವಾ ಎಂದು ಅವಳು ಬೈದದ್ದೇ ಅವನಿಗೆ ಕೊನೆಯದಾಗಿ ಚೆನ್ನಾಗಿ ಕೇಳಿಸಿದ್ದ ಮಾತು.

"ಹೋಯ್ತುರೀ," ಎಂದಳು ರುಕ್ಮಣಿ. "ಚೂರೂ ಕಾಣಲ್ಲ. ಜಯರಾಮಣ್ಣ ತಗೊಂಡುಹೋಗಿ ಕೊಟ್ಟೂ ಆಯ್ತು. ಮದುವೆ ಹುಡುಗಿ ಉಟ್ಕೊಂಡ್ಳಂತೆ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿ, ತುತ್ತಿಗೆ ಬಾಯಿ ತೆರೆದ.