ಬಿಸಿಯಾದಾಗ ಮಾತ್ರ ತೆರೆದ ಬಿರುಕು

ಕೊರೋನಾ ಕಾಟ ಮುಗಿದ ಮೇಲಿನ ಎರಡನೆಯ ಬೇಸಿಗೆ. ಮುಂಬಯಿಯ ಗ್ಯಾರೇಜುಗಳನ್ನು ಬಿಟ್ಟು ಬಂದು ನಾನು ಕೋಟದಲ್ಲಿ ಹೆದ್ದಾರಿ ಪಕ್ಕ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವರು ನಮ್ಮ ಕಡೆ ಹೆಚ್ಚಿರಲಿಲ್ಲ. ನನಗೆ ಗೊತ್ತಿದ್ದ ಇನ್ನೊಬ್ಬರೆಂದರೆ ಬ್ರಹ್ಮಾವರದ ಬಾಬಣ್ಣ. ಮುಂಬಯಿಯಲ್ಲಿ ನನ್ನ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವರು ಅವರೇ.

ಆ ಏಪ್ರಿಲ್‌ನಲ್ಲಿ ಕ್ರೇನ್ ಒಂದು ಸಣ್ಣ ಬೆಳ್ಳಿ ಬಣ್ಣದ ಕಾರನ್ನು ತಂದು ನನ್ನ ಅಂಗಳದಲ್ಲಿ ಇಳಿಸಿತು. ಕಾರಿನ ಯಜಮಾನ ವಾಸುದೇವ ಆಟೋರಿಕ್ಷಾದಲ್ಲಿ ಹಿಂದೆಯೇ ಬಂದರು. ಹಾಲಾಡಿಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವರು. ಬೈಕ್ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕ್ಲಚ್ ಪೆಡಲ್ ಇಲ್ಲದ ಗಾಡಿಯಾದ್ದರಿಂದ ಬಲಗಾಲೊಂದರಲ್ಲೇ ಓಡಿಸುತ್ತಿದ್ದರು. ಮೂರು ವಾರದ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ಉಬ್ಬಸ ಜೋರಾಗಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯುವಾಗ ಈ ಕಾರು ದಾರಿಯಲ್ಲಿ ನಿಂತಿತ್ತು. ಉರಿಬಿಸಿಲಿನಲ್ಲಿ ಬೇರೆ ವಾಹನ ಸಿಗುವುದು ತಡವಾಗಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದು ಗಾಡಿ ಎಳೆಯಲು ಬಂದ ಕ್ರೇನಿನವನು ಗೇರ್‌ಬಾಕ್ಸಿನ ಎಣ್ಣೆ ಮೂಸಿ, ಡ್ರೈವರ್ ಕ್ಲಚ್ ಸುಟ್ಟಿದ್ದಾನೆ ಎಂದನಂತೆ. ಅದನ್ನು ಕೇಳಿಸಿಕೊಂಡ ವಾಸುದೇವರ ಅಣ್ಣ ಗಣಪತಿ, ತಾಯಿಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ನೆಂಟರ ಎದುರೇ, "ಎರಡ್ ಕಾಲಿಪ್ಪವ್ ಓಡ್ಸ್ರೆ ಅಮ್ಮ ಬದ್ಕ್ತಿದ್ರ್" ಎಂದುಬಿಟ್ಟಿದ್ದರು. ಇದನ್ನು ಹೇಳುವಾಗ ವಾಸುದೇವ ನನ್ನ ಮುಖ ನೋಡಲಿಲ್ಲ.

"ಗಾಡಿ ಸಮ ಆಪ್ದ್ ಆಮೇಲೆ, ಸುರೇಶಣ್ಣ. ತಪ್ಪ್ ನಂದಾ, ಗಾಡಿದಾ, ಅದ್ ನಂಗೆ ಗೊತ್ತಾಯ್ಕ್."

ಆಗಲಿ, ಮೊದಲು ಅದನ್ನೇ ಪತ್ತೆ ಮಾಡುತ್ತೇನೆ ಎಂದೆ. ಗೇರ್‌ಬಾಕ್ಸ್ ಹಿಂದೆ ಯಾರಾದರೂ ಬಿಚ್ಚಿದ್ದರೇ ಎಂದು ವಾಡಿಕೆಯಂತೆ ಕೇಳಿದೆ. ದೀಪಾವಳಿ ಹೊತ್ತಿಗೆ ಪೂರ್ತಿ ರೀಬಿಲ್ಡ್ ಆಗಿತ್ತು, ಮಾಡಿದ್ದು ಬ್ರಹ್ಮಾವರದ ಬಾಬಣ್ಣ ಎಂದರು. ವಾಸುದೇವರ ತಪ್ಪಲ್ಲವಾದರೆ ಅದು ನನ್ನ ಉಸ್ತಾದರ ತಲೆಗೆ ಬರುತ್ತದೆ. ಸಂಜೆ ಬಾಬಣ್ಣನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ನೀ ಬಿಚ್ಚ್. ಎಂತ ಸಿಕ್ಕುತ್ತೋ ಅದನ್ನೇ ಹೇಳ್. ನನ್ನ್ ಮುಖ ಕಾಂಬುಕ್ ಹೋಗ್ಬೇಡ" ಎಂದರು.

ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಇಲ್ಲವೆಂದು ಜನ ತಿಳಿಯುತ್ತಾರೆ. ಪೆಡಲ್ ಮಾತ್ರ ಇಲ್ಲ. ಒಳಗೆ ಹಲವು ಕ್ಲಚ್‌ಗಳಿರುತ್ತವೆ. ಡ್ರಮ್ ಎನ್ನುವ ಲೋಹದ ಬಟ್ಟಲೊಳಗೆ ಪ್ಲೇಟುಗಳು, ಅವುಗಳನ್ನು ಒತ್ತಿ ಹಿಡಿಯಲು ಎಣ್ಣೆಯ ಒತ್ತಡ. ಒತ್ತಡ ಸೋರಿದರೆ ಪ್ಲೇಟುಗಳು ಜಾರಿ ಸುಡುತ್ತವೆ. ಚಾಲಕ ಬ್ರೇಕು, ಆಕ್ಸಿಲರೇಟರು ಎರಡನ್ನೂ ತುಳಿದು ಗಾಡಿಯನ್ನು ಹಿಂಸಿಸಿದರೂ ಸುಡುತ್ತವೆ. ಎಣ್ಣೆಯ ವಾಸನೆ ಎರಡಕ್ಕೂ ಒಂದೇ.

ಗೇರ್‌ಬಾಕ್ಸ್ ಇಳಿಸಿ ಒಂದೊಂದೇ ಭಾಗವನ್ನು ಮೇಜಿನ ಮೇಲೆ ಹರಡಿದೆ. ಚಾಲಕ ಏರಿನಲ್ಲಿ ದಬಾಯಿಸಿದ್ದರೆ ಮೊದಲು ಹೋಗಬೇಕಾದ್ದು ಒಂದನೇ ಗೇರಿನ ಕ್ಲಚ್. ಅದು ಹೊಸದರಂತಿತ್ತು. ಕರಿ ಹಿಡಿದಿದ್ದು ಒಂದೇ ಜಾಗ. ಈ ಗೇರ್‌ಬಾಕ್ಸಿನಲ್ಲಿ ಮೂರನೇ ಗೇರು ಮತ್ತು ರಿವರ್ಸ್ ಎರಡನ್ನೂ ಹಿಡಿಯುವ ಕ್ಲಚ್. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದಾಗ ಉಳಿದದ್ದೂ ತಿಳಿಯಿತು. ಗೇರು ಜಾರುವುದನ್ನು ಕಂಡ ಕಂಪ್ಯೂಟರು, ಗಾಡಿ ಹೇಗಾದರೂ ಮನೆ ಮುಟ್ಟಲೆಂದು, ಅದನ್ನು ಮೂರನೇ ಗೇರಿನಲ್ಲೇ ನಿಲ್ಲಿಸಿತ್ತು. ಆ ಮಾದರಿಯ ಗಾಡಿಗಳ ವ್ಯವಸ್ಥೆಯೇ ಹಾಗೆ. ಇಲ್ಲಿ ಸತ್ತಿದ್ದೇ ಮೂರನೇ ಗೇರು. ಅಂದು ವಾಸುದೇವ ಎಷ್ಟು ತುಳಿದರೂ ಕಾರು ಕದಲುವಂತಿರಲಿಲ್ಲ.

ಇನ್ನು ಒತ್ತಡ ಸೋರಿದ್ದು ಎಲ್ಲಿಂದ ಎಂದು ಹುಡುಕಬೇಕಿತ್ತು. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಹಾಳಾಗಿರಲಿಲ್ಲ. ಡ್ರಮ್ಮಿಗೆ ಗಾಳಿ ಹಾಕಿ ನೋಡಿದೆ, ಹಿಡಿದು ನಿಂತಿತು. ಮರುದಿನವೂ ಅದೇ. ಎಲ್ಲ ಸರಿಯಿದೆ ಎನ್ನುವ ಗೇರ್‌ಬಾಕ್ಸ್ ಎದುರಿಗೆ, ಸುಟ್ಟ ಪ್ಲೇಟುಗಳು ಪಕ್ಕದಲ್ಲಿ. ಗಾಡಿ ಕೈಕೊಟ್ಟಿದ್ದು ಬಿಸಿಲಿನಲ್ಲಿ, ದೂರ ಓಡಿದ ಮೇಲೆ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಡ್ರಮ್ಮನ್ನು ಬಿಸಿ ಮಾಡಿ ನೋಡಬೇಕು ಅನ್ನಿಸಿತು. ಆಗ ಬಾಬಣ್ಣನನ್ನೂ ಬರಹೇಳಿದೆ.

ಅವರು ಬಸ್ಸಿಳಿದು ಬಂದು ಸ್ಟೂಲಿನ ಮೇಲೆ ಕುಳಿತರು. ವಯಸ್ಸಾಗಿತ್ತು, ಬೆರಳುಗಳ ಗಂಟು ಊದಿಕೊಂಡಿದ್ದವು. ಹಳೆಯ ಬಾಣಲೆಯಲ್ಲಿ ಗೇರ್ ಆಯಿಲ್ ಕಾಯಿಸಿ ಡ್ರಮ್ಮನ್ನು ಅದರಲ್ಲಿ ಮುಳುಗಿಸಿಟ್ಟೆ. ಚೆನ್ನಾಗಿ ಕಾದ ಮೇಲೆ ಗಾಳಿ ಬಿಟ್ಟೆ. ಡ್ರಮ್ಮಿನ ಬುಡದಿಂದ, ಕೂದಲೆಳೆಯಷ್ಟು ಗೆರೆಯೊಂದರ ಉದ್ದಕ್ಕೂ, ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆದ್ದವು. ಕಾದಾಗ ಲೋಹ ಹಿಗ್ಗಿ ಬಿರುಕು ತೆರೆಯುತ್ತಿತ್ತು, ತಣಿದಾಗ ಮುಚ್ಚಿಕೊಳ್ಳುತ್ತಿತ್ತು.

ಬಾಬಣ್ಣ ಗುಳ್ಳೆಗಳನ್ನೇ ನೋಡುತ್ತಿದ್ದರು.

"ಹೊಸ್ತ್ ಸಿಕ್ಲಿಲ್ಲ. ಹಳೇ ಗಾಡಿದ್ ತಂದ್ ಕೂರ್ಸಿದೆ. ತಣ್ಣಗಿಪ್ಪತಿಗೆ ಗಾಳಿ ಹಾಕಿ ಕಂಡಿದ್ದೆ, ಒಂಚೂರೂ ಲೀಕ್ ಇರ್ಲಿಲ್ಲ."

ನಾನಿದ್ದರೂ ಅಷ್ಟೇ ನೋಡುತ್ತಿದ್ದೆ, ಎಲ್ಲರೂ ಅಷ್ಟೇ ನೋಡುವುದು ಎಂದೆ. ಅವರು ಡ್ರಮ್ಮನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, "ಅವ್ರ್ ಮನಿಗ್ ಹೋಪ" ಎಂದರು.

ವಾಸುದೇವರ ಮನೆಯ ಜಗಲಿಯಲ್ಲಿ ಬಾಬಣ್ಣ ಕುಳಿತುಕೊಳ್ಳಲೂ ಇಲ್ಲ. ಪಕ್ಕದ ಮನೆಯಿಂದ ಗಣಪತಿಯನ್ನೂ ಕರೆಸಿ, ಡ್ರಮ್ಮನ್ನು ಅವರ ಕೈಗಿಟ್ಟು ನಿಂತೇ ಹೇಳಿದರು: "ಓಡ್ಸಿದವ್ರದ್ದ್ ಎಂತದೂ ತಪ್ಪಿಲ್ಲೆ. ಒಡ್ದದ್ ಇದ್. ಹಾಕಿದ್ದ್ ನಾನ್."

ಗಣಪತಿ ಡ್ರಮ್ಮನ್ನು ತಿರುಗಿಸಿ ನೋಡಿದರು. ಬಿರುಕು ಕಣ್ಣಿಗೆ ಕಾಣುವಂಥದಲ್ಲ. "ಕ್ರೇನಿನವ್ ಹಾಂಗ್ ಹೇಳಿದ್ದ" ಎಂದು ಮೆಲ್ಲನೆ ಹೇಳಿ, ಅದನ್ನು ಜಗಲಿ ಮೇಲಿಟ್ಟು ಒಳಗೆ ಹೋದರು. ತಮ್ಮನ ಕಡೆ ತಿರುಗಲಿಲ್ಲ.

ವಾಸುದೇವರಿಗೆ ಹಗುರಾಗಬಹುದೆಂದು ನಾನು ಎಣಿಸಿದ್ದೆ. ಅವರು ನೆಲ ನೋಡುತ್ತಾ, "ಅಮ್ಮ ಆಟೋ ಸಾಕ್ ಅಂದಿದ್ರ್. ನನ್ನ್ ಗಾಡೀಲೇ ಕರ್ಕಂಡ್ ಹೋತೆ ಅಂದದ್ದ್ ನಾನೇ" ಎಂದರು.

ಬೇರೆ ಡ್ರಮ್ ಹಾಕಿ ಕಾರನ್ನು ಸರಿಮಾಡಿಕೊಟ್ಟೆ. ವಾಸುದೇವ ಅದರಲ್ಲಿ ಅಂಗಡಿಗೆ ಹೋಗಿ ಬರುತ್ತಾರೆ, ಮನೆಯವರನ್ನು ಮಾತ್ರ ಕೂರಿಸಿಕೊಳ್ಳುವುದಿಲ್ಲ. ಬಾಬಣ್ಣ ಆಮೇಲೆ ಗೇರ್‌ಬಾಕ್ಸ್ ಮುಟ್ಟಲಿಲ್ಲ. ಆ ಕೆಲಸ ಬಂದರೆ ಕೋಟಕ್ಕೆ, ನನ್ನ ಹತ್ತಿರ ಕಳಿಸುತ್ತಾರೆ.

ಆ ಬಳಿಕ ನಾನು ಯಾವ ಹಳೆಯ ಡ್ರಮ್ಮನ್ನೂ ಬಿಸಿ ಎಣ್ಣೆಯಲ್ಲಿ ಪರೀಕ್ಷಿಸದೆ ಕೂರಿಸಿಲ್ಲ. ಅದು ಕೈಗೆ ಕಲಿಸಿಕೊಂಡ ಪಾಠ, ಕಷ್ಟವಾಗಲಿಲ್ಲ. ಬಾಯಿಗೆ ಕಲಿಸುವುದು ಹೆಚ್ಚು ಕಷ್ಟವಾಯಿತು. ಸುಟ್ಟ ವಾಸನೆ ಬಂದ ಕೂಡಲೆ ಓಡಿಸಿದವರ ತಪ್ಪು ಎನ್ನುವುದು ನಮ್ಮ ಕಸುಬಿನಲ್ಲಿ ತುದಿ ನಾಲಗೆಯಲ್ಲೇ ಇರುವ ಮಾತು. ಈಗ ಎಲ್ಲ ಬಿಚ್ಚಿ ನೋಡುವ ತನಕ ಯಾರು ಎಷ್ಟು ಕೇಳಿದರೂ ಕಾರಣ ಹೇಳುವುದಿಲ್ಲ. ಗಿರಾಕಿಗಳು ಬೇಸರಪಟ್ಟುಕೊಂಡು ಹೋದದ್ದೂ ಉಂಟು. ಹೋಗಲಿ ಎಂದು ಸುಮ್ಮನಿರುತ್ತೇನೆ. ಹಾಲಾಡಿಯ ಆ ಅಣ್ಣ ತಮ್ಮಂದಿರಲ್ಲಿ ಇವತ್ತಿಗೂ ಮಾತಿಲ್ಲ.